ಕುಬಸ ಬಿಗಿಯಾಗುವ ದಿನಗಳು

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ, ಅಮಾವಾಸ್ಯೆ, ಸಿಲಿಂಡರ್ ಹಚ್ಚಿದ ದಿನ, ಹಾಲಿನವನು ಬಾರದ ದಿನ ಇವುಗಳ ನಡುವೆ ಪೆನ್ಸಿಲಿನಲ್ಲಿ ಎಳೆದ ಸಣ್ಣ ಗೀಟುಗಳಿವೆ. ಒಂದು ಗೀಟೆಂದರೆ ಎದೆ ತುಸು ಭಾರವಾದ ದಿನ. ಎರಡೆಂದರೆ ಮೆಟ್ಟಿಲಿಳಿಯುವಾಗ ಕೈ ಅಡ್ಡ ಹಿಡಿಯಬೇಕೆನಿಸಿದ ದಿನ. ಮೂರೆಂದರೆ ಶಾಲೆಯಿಂದ ಓಡಿಬಂದ ಮಗಳು ತಬ್ಬಿಕೊಳ್ಳಲು ಹೊರಟರೆ ‘ಬ್ಯಾಡವ್ವ, ತಡಿ ಸ್ವಲ್ಪ’ ಎನ್ನಬೇಕಾದ ದಿನ. ನಮ್ಮ ಮನೆಯವರು ಇವನ್ನು ಹಾಲಿನ ಲೆಕ್ಕವೆಂದೇ ತಿಳಿದು, ಒಂದು ತಿಂಗಳು ಹಾಲಿನವನ ಮುಂದೆ ಗೀಟುಗಳನ್ನು ಎಣಿಸಿ ವಾದಕ್ಕೂ ನಿಂತಿದ್ದರು. ಆ ಜಗಳ ಬಿಡಿಸುವುದಕ್ಕಾಗಿ ಗೀಟುಗಳ ಅರ್ಥವನ್ನು ಹೇಳಲೇಬೇಕಾಯಿತು. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೆ ಈ ನೋವಿನ ಬಗ್ಗೆ ನಾವಿಬ್ಬರೂ ಮಾತಾಡಿದ್ದು ಅದೇ ಮೊದಲು.

ಎರಡು ವರ್ಷದ ಗೀಟುಗಳನ್ನು ಒಟ್ಟಿಗೆ ನೋಡಿದರೆ ಅವುಗಳ ನಡೆ ಬಹಳ ನಿಯತವಾಗಿದೆ. ಮುಟ್ಟಿಗೆ ಎಂಟೊಂಬತ್ತು ದಿನ ಇರುವಾಗ ಒಂದು ಗೀಟಿನಿಂದ ಶುರುವಾಗಿ, ಎರಡಾಗಿ, ಕಡೆಯ ಎರಡು ದಿನ ಮೂರಕ್ಕೇರಿ, ಮುಟ್ಟಾದ ದಿನವೋ ಮರುದಿನವೋ ಗಂಟು ಬಿಚ್ಚಿದಂತೆ ಇಳಿದುಹೋಗುತ್ತದೆ. ಆಳಂದ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಅವ್ವ ಇದನ್ನು ‘ಕುಬಸ ಬಿಗಿಯಾಗೋದು’ ಎನ್ನುತ್ತಾಳೆ. ನೋವು ಎಂಬ ಮಾತನ್ನೇ ತರದೆ, ಮೈಯನ್ನು ಬಿಟ್ಟು ಬಟ್ಟೆಯ ಮೇಲೆ ಹೇಳಿದ ಈ ಮಾತಿನಲ್ಲಿ ಸಂಕೋಚವೂ ಇದೆ, ಸರಿಯಾದ ವರ್ಣನೆಯೂ ಇದೆ. ಮುಟ್ಟಿನ ಹೊಟ್ಟೆನೋವಿಗೆ ನಮ್ಮ ಕಡೆ ಅಜವಾನ, ಬೆಲ್ಲ, ಬಿಸಿನೀರಿನ ಶಾಖ ಎಂದು ಹತ್ತು ಉಪಾಯಗಳಿವೆ. ಅದಕ್ಕೆ ಮುಂಚಿನ ವಾರದಲ್ಲಿ ಬರುವ ಈ ಬಿಗಿತಕ್ಕೆ ಕುಬಸದ ಒಂದು ಗುಂಡಿ ಸಡಿಲಿಸುವುದೊಂದೇ ಉಪಾಯ. ಅದನ್ನೂ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಸಡಿಲಿಸಬೇಕು.

ವೈದ್ಯರಲ್ಲಿಗೆ ಹೋಗಲಿಲ್ಲವೆಂದಲ್ಲ. ನಗರದ ಒಂದು ಆಸ್ಪತ್ರೆಯಲ್ಲಿ ಮುಟ್ಟಿ ನೋಡಿ, ಗಂಟಿಲ್ಲವೆಂದು ಖಚಿತಪಡಿಸಿಕೊಂಡು, ‘ಇದು ನಾರ್ಮಲ್, ಹಾರ್ಮೋನಿನದು’ ಎಂದು ಹೇಳಿ ಕಳಿಸಿದರು. ಹೇಳಿದ್ದು ಸರಿಯಾಗಿಯೇ ಇತ್ತು. ಅಂಡ ಬಿಡುಗಡೆಯಾದ ನಂತರದ ಸುಮಾರು 14 ದಿನಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳ ಏರಿಳಿತಕ್ಕೆ ಸಿಕ್ಕಿ ಸ್ತನದ ಹಾಲಿನ ಗ್ರಂಥಿಗಳು ಹಿಗ್ಗುತ್ತವೆ, ಅಂಗಾಂಶದಲ್ಲಿ ನೀರು ನಿಲ್ಲುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಮತ್ತೊಂದು ಹಾರ್ಮೋನಿನ ಪಾಲೂ ಇರಬಹುದು. ಸಾಮಾನ್ಯವಾಗಿ ಎರಡೂ ಕಡೆ, ಮೇಲ್ಭಾಗದ ಹೊರಮಗ್ಗುಲಲ್ಲಿ, ಕಂಕುಳಿನವರೆಗೆ ಹರಡುವ ಭಾರವಾಗಿ ಇದು ಕಾಣಿಸಿಕೊಳ್ಳುತ್ತದೆ. ಸ್ತನನೋವೆಂದು ವೈದ್ಯರ ಬಳಿ ಬರುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಮುಟ್ಟಿನ ಚಕ್ರಕ್ಕೆ ಹೊಂದಿಕೊಂಡ ನೋವಿನವರೇ. ಇದೆಲ್ಲವನ್ನೂ ನಾನು ಆಮೇಲೆ ಓದಿ ತಿಳಿದುಕೊಂಡೆ. ಅಂದು ನನಗೆ ಸಿಕ್ಕಿದ್ದು ‘ನಾರ್ಮಲ್’ ಎಂಬ ಒಂದು ಶಬ್ದ ಮಾತ್ರ, ಮತ್ತು ಆ ಶಬ್ದವನ್ನು ಹೇಳಿಸಿಕೊಂಡ ಮೇಲೆ ಮತ್ತೆ ಬಾಯಿ ಬಿಡುವುದು ಕಷ್ಟ. ಸಹಜವಾದದ್ದಕ್ಕೆ ದೂರೇಕೆ ಎಂಬಂತಾಗುತ್ತದೆ.

ಚೀನೀ ವೈದ್ಯದ ಪರಿಚಯವಾದದ್ದು ಬೇರೊಬ್ಬರ ಮೊಣಕಾಲಿನ ದೆಸೆಯಿಂದ. ನನ್ನೊಂದಿಗೆ ಕೆಲಸ ಮಾಡುವ ಹಿರಿಯ ಶಿಕ್ಷಕಿಯೊಬ್ಬರು ಮೊಣಕಾಲು ನೋವಿಗೆಂದು ಹೈದರಾಬಾದಿನಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಳ್ಳುತ್ತಿದ್ದರು. ಜೊತೆಗೆ ಬಾ ಎಂದರು, ಹೋದೆ. ಸೂಜಿ ಚುಚ್ಚಿ ಮಲಗಿಸಿದ ಮೇಲೆ ಅರ್ಧ ತಾಸು ಕಾಯಬೇಕಲ್ಲ, ಆ ಹೊತ್ತಿನಲ್ಲಿ ಚಿಕಿತ್ಸೆ ಕೊಡುವ ಹೆಂಗಸು ನನ್ನನ್ನು ಮಾತಾಡಿಸಿದರು. ನಾನು ಬಾಯಿತಪ್ಪಿ ಈ ವಿಷಯ ಹೇಳಿದ್ದೇ ತಡ, ಪ್ರಶ್ನೆಗಳ ಸರಮಾಲೆಯೇ ಶುರುವಾಯಿತು. ನೋವು ಮುಟ್ಟಿಗೆ ಮುಂಚೆಯೋ, ಮುಟ್ಟು ನಿಂತ ಮೇಲೆಯೋ? ಉಬ್ಬಿದಂತೆಯೋ, ಚುಚ್ಚಿದಂತೆಯೋ? ಒಂದೇ ಜಾಗದಲ್ಲಿಯೋ, ಸರಿದಾಡುತ್ತದೆಯೋ? ಮುಟ್ಟಿದರೆ ಹಿತವೋ, ಮುಟ್ಟಿಸಿಕೊಳ್ಳಲು ಆಗದೋ? ಪಕ್ಕೆಲುಬು ಹಿಡಿದಂತಾಗುತ್ತದೆಯೇ? ಆ ದಿನಗಳಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆಯೇ? ಗಂಟಲಲ್ಲಿ ನುಂಗಲಾಗದ, ಉಗುಳಲಾಗದ ಬೀಜವೊಂದು ಸಿಕ್ಕಂತಿರುತ್ತದೆಯೇ? ಗೊತ್ತಿಲ್ಲದೆಯೇ ನಿಟ್ಟುಸಿರು ಬಿಡುತ್ತೀರಾ? ಕಡೆಯ ಪ್ರಶ್ನೆಗೆ ನಾನು ಉತ್ತರಿಸುವ ಮೊದಲೇ ಮಲಗಿದ್ದ ನಮ್ಮ ಹಿರಿಯ ಶಿಕ್ಷಕಿ, ‘ಸ್ಟಾಫ್ ರೂಮಿನ್ಯಾಗ ದಿನಾ ಹತ್ತು ಸಲ ಬಿಡ್ತಾಳ್ರಿ’ ಎಂದು ಮಂಚದ ಮೇಲಿನಿಂದಲೇ ಸಾಕ್ಷಿ ನುಡಿದರು.

ಆಕೆ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ಚಾಚಲು ಹೇಳಿದರು. ನಾಡಿ ತಂತಿವಾದ್ಯದ ತಂತಿಯನ್ನು ಬಿಗಿದಂತಿದೆ ಎಂದರು. ಚೀನೀ ವೈದ್ಯದಲ್ಲಿ ಈ ತಂತಿ ನಾಡಿಗೆ ಒಂದು ನಿಶ್ಚಿತ ಅರ್ಥವಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಸೂಜಿ ಚಿಕಿತ್ಸೆಯೆಂದರೆ ನಮಗೆ ತೀರ ದೂರದ್ದೆನಿಸುತ್ತದೆ. ಆದರೆ 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದಿಂದ ಹೋದ ಐದು ವೈದ್ಯರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದವರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯ ಕುಮಾರ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತುಬಂದು ಕಲ್ಕತ್ತೆಯಲ್ಲಿ ಅದನ್ನು ಬೆಳೆಸಿದರು. ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಹೀಗೆ, ಯುದ್ಧದ ಗಾಯಾಳುಗಳ ದಾರಿಯಿಂದ.

ಹೈದರಾಬಾದಿನಿಂದ ಬಂದ ಮೇಲೆ ಓದಲು ಶುರುಮಾಡಿದೆ. ಮೊದಲು ಎದುರಾದ ತೊಡಕು ಭಾಷೆಯದು. ಚೀನೀ ವೈದ್ಯದ ಬುಡದಲ್ಲಿರುವ ಶಬ್ದವನ್ನು ಅವರ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದರೆ ‘ಛೀ’ ಎಂದಾಗುತ್ತದೆ, ಮತ್ತು ಇಡೀ ಶಾಸ್ತ್ರವೇ ಅಸಹ್ಯಪಟ್ಟುಕೊಂಡಂತೆ ಕೇಳುತ್ತದೆ. ಆದ್ದರಿಂದ ‘ಚಿ’ ಎಂದು ಬರೆಯುತ್ತೇನೆ. ಉಸಿರು, ಆವಿ, ಚಲನೆ, ಬಲ ಇಷ್ಟೂ ಅದರಲ್ಲಿ ಸೇರಿದೆ. ನಮ್ಮ ‘ಪ್ರಾಣ’, ‘ವಾಯು’ ಶಬ್ದಗಳು ಅದರ ಹತ್ತಿರ ಬರುತ್ತವೆ, ಆದರೆ ಅದೇ ಅಲ್ಲ. ಅದು ಮೈಯಲ್ಲಿ ಗೊತ್ತಾದ ದಾರಿಗಳಲ್ಲಿ ಹರಿಯುತ್ತದೆ, ಹರಿಯುವವರೆಗೆ ನೋವಿಲ್ಲ, ನಿಂತಲ್ಲಿ ನೋವು ಎಂಬುದು ಆ ವೈದ್ಯದ ಮೂಲಸೂತ್ರ. ಅವರ ಹಳೆಯ ಗ್ರಂಥವೊಂದರಲ್ಲಿ ಮೈಯೊಳಗಿನ ಹನ್ನೆರಡು ದಾರಿಗಳನ್ನು ಹನ್ನೆರಡು ನದಿಗಳಿಗೆ ಹೋಲಿಸಲಾಗಿದೆ. ನದಿಗಿಂತ ನನಗೆ ನೆನಪಾದದ್ದು ಬೀದರಿನ ನೌಬಾದಿನ ಕರೇಜ್. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ಆ ನೆಲದಡಿಯ ಕಾಲುವೆ ಮೇಲೆ ನಡೆಯುವವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಲ್ಲಿ ಬಾವಿಯಂಥ ಬಾಯಿಗಳು ಮಾತ್ರ ಕಾಣುತ್ತವೆ. ಹೂಳು ತುಂಬಿದರೆ ಅದು ತುಂಬಿದ ಜಾಗ ಯಾವುದೆಂದು ಹುಡುಕಬೇಕು, ಮತ್ತು ಹುಡುಕುವುದು ಆ ಬಾಯಿಗಳ ಮೂಲಕವೇ. ಸೂಜಿ ಚುಚ್ಚುವ ಬಿಂದುಗಳ ಕಲ್ಪನೆ ಹೆಚ್ಚುಕಡಿಮೆ ಹೀಗೆಯೇ ಇದೆ.

ಎದೆಯ ಬಿಗಿತಕ್ಕೆ ಅವರು ಹೊಣೆ ಮಾಡುವುದು ಯಕೃತ್ತನ್ನು. ನಾನು ವಿಜ್ಞಾನದ ಶಿಕ್ಷಕಿ. ಓದಿದ ತಕ್ಷಣ ನಕ್ಕಿದ್ದೆ. ಪಾಠದಲ್ಲಿ ಪಿತ್ತಜನಕಾಂಗವೆಂದು ಕರೆದು, ಹೊಟ್ಟೆಯ ಬಲಮೇಲ್ಭಾಗದಲ್ಲಿ ಚಿತ್ರ ಬರೆಸಿ, ಐದು ಅಂಕದ ಪ್ರಶ್ನೆಗೆ ಉತ್ತರ ಬರೆಸುವ ಅಂಗಕ್ಕೂ ಮುಟ್ಟಿನ ಮುಂಚಿನ ಎದೆನೋವಿಗೂ ಏನು ಸಂಬಂಧ? ನಿಧಾನವಾಗಿ ಅರ್ಥವಾದದ್ದೇನೆಂದರೆ ಅವರು ‘ಯಕೃತ್ತು’ ಎನ್ನುವುದು ಮಾಂಸದ ತುಂಡನ್ನಲ್ಲ, ಒಂದು ಕೆಲಸವನ್ನು. ಚಿ ಎಲ್ಲ ಕಡೆ ತಡೆಯಿಲ್ಲದೆ ಹರಡುವಂತೆ ನೋಡಿಕೊಳ್ಳುವುದು, ರಕ್ತವನ್ನು ಕೂಡಿಟ್ಟು ಬೇಕಾದಾಗ ಬಿಡುವುದು, ಇವೆರಡು ಅದರ ಹೊಣೆ. ಆ ಹರಿವಿಗೆ ತಡೆ ಬಿದ್ದರೆ ನಾಡಿ ತಂತಿಯಂತೆ ಬಿಗಿಯುತ್ತದೆ; ಹೈದರಾಬಾದಿನ ಆ ಹೆಂಗಸು ನನ್ನ ನಾಡಿಯಲ್ಲಿ ಕಂಡದ್ದು ಅದನ್ನೇ. ಐದು ತತ್ತ್ವಗಳಲ್ಲಿ ಅದಕ್ಕೆ ಕೊಟ್ಟಿರುವುದು ಮರ, ಋತುಗಳಲ್ಲಿ ವಸಂತ, ಭಾವಗಳಲ್ಲಿ ಸಿಟ್ಟು. ನಮ್ಮಲ್ಲಿಯೂ ಸಿಟ್ಟು ಬಂದವರಿಗೆ ಪಿತ್ತ ನೆತ್ತಿಗೇರಿತು ಎನ್ನುತ್ತೇವಲ್ಲ, ಆ ಪಿತ್ತವೂ ಇದೇ ನೆರೆಹೊರೆಯದು ಎಂಬುದು ಹೊಳೆದಾಗ ನಗು ಸ್ವಲ್ಪ ಕಡಿಮೆಯಾಯಿತು.

ಯಕೃತ್ತಿನ ದಾರಿ ಕಾಲ ಹೆಬ್ಬೆರಳಿನ ಉಗುರಿನ ಬದಿಯಿಂದ ಹೊರಟು, ಪಾದದ ಮೇಲಿಂದ ಹಾದು, ಕಾಲಿನ ಒಳಮಗ್ಗುಲಲ್ಲಿ ಏರಿ, ಜನನಾಂಗವನ್ನು ಬಳಸಿ, ಕೆಳಹೊಟ್ಟೆಯನ್ನು ದಾಟಿ ಪಕ್ಕೆಲುಬುಗಳಲ್ಲಿ ಹರಡಿಕೊಳ್ಳುತ್ತದೆ. ಅದರ ಕಡೆಯ ಬಿಂದು ಮೊಲೆತೊಟ್ಟಿನ ನೇರ ಕೆಳಗೆ, ಆರನೆಯ ಪಕ್ಕೆಲುಬಿನ ಕೆಳಸಂದಿಯಲ್ಲಿದೆ. ಒಳಗಿನ ಒಂದು ಕವಲು ಗಂಟಲಿನ ಹಿಂದಿನಿಂದ ಕಣ್ಣಿನವರೆಗೆ, ಅಲ್ಲಿಂದ ನೆತ್ತಿಗೂ ಹೋಗುತ್ತದೆ. ಗಂಟಲಿನ ಬೀಜ, ಪಕ್ಕೆಯ ಬಿಗಿತ, ನಿಟ್ಟುಸಿರು ಇವನ್ನೆಲ್ಲ ಆಕೆ ಒಟ್ಟಿಗೆ ಯಾಕೆ ಕೇಳಿದರೆಂಬುದು ಈ ನಕ್ಷೆಯನ್ನು ನೋಡಿದಾಗ ತಿಳಿಯಿತು. ನಾನು ಬೇರೆ ಬೇರೆ ಎಂದುಕೊಂಡಿದ್ದ ನಾಲ್ಕು ಕಿರಿಕಿರಿಗಳು ಅವರ ನಕ್ಷೆಯಲ್ಲಿ ಒಂದೇ ರಸ್ತೆಯ ಊರುಗಳು.

ಮುಟ್ಟಿಗೆ ಮುಂಚೆಯೇ ಯಾಕೆ ಎಂಬುದಕ್ಕೂ ಅವರಲ್ಲಿ ಉತ್ತರವಿದೆ. ಮುಟ್ಟು ಹತ್ತಿರವಾದಂತೆ ರಕ್ತ ಕೆಳಗೆ, ಗರ್ಭಕೋಶದ ಕಡೆಗೆ ಕೂಡಿಕೊಳ್ಳುತ್ತದೆ. ಯಕೃತ್ತಿನ ಪಾಲಿಗೆ ರಕ್ತ ಕಡಿಮೆಯಾಗಿ ಅದು ಒಣಗಿ ಗಡುಸಾಗುತ್ತದೆ. ಗಡುಸಾದ ಮರ ಬಾಗುವುದಿಲ್ಲ, ಚಿ ಹರಡುವ ಕೆಲಸ ಸೊರಗುತ್ತದೆ. ಎದೆ ಮತ್ತು ಪಕ್ಕೆಗಳಲ್ಲಿ ಚಿ ನಿಂತು ಉಬ್ಬುತ್ತದೆ. ಮುಟ್ಟು ಹರಿಯಲು ಶುರುವಾದೊಡನೆ ರಕ್ತದ ಜೊತೆಗೆ ಚಿಯೂ ಬಿಡುಗಡೆಯಾಗುತ್ತದೆ, ಬಿಗಿತ ಇಳಿಯುತ್ತದೆ. ಹಾರ್ಮೋನುಗಳ ವಿವರಣೆಯೇ ನಿಜವೆಂದು ನಂಬುವ ನಾನು ಕೂಡ ಒಂದು ಮಾತನ್ನು ಒಪ್ಪಬೇಕು: ನನ್ನ ಕ್ಯಾಲೆಂಡರಿನ ಗೀಟುಗಳು ಏರಿ ಇಳಿಯುವ ಬಗೆಯನ್ನು ಈ ಕಥೆ ತುಂಬ ಸರಿಯಾಗಿ ಹೇಳುತ್ತದೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ, ಸಾವಿರಾರು ಹೆಂಗಸರನ್ನು ‘ಯಾವಾಗ?’ ಎಂದು ಕೇಳದೆ ಇಂಥ ಕಥೆಯನ್ನು ಕಟ್ಟಲು ಆಗುವುದಿಲ್ಲ.

‘ಯಾವಾಗ’ ಎಂಬ ಪ್ರಶ್ನೆಗೆ ಅವರು ಕೊಡುವ ತೂಕವೇ ನನಗೆ ಹೆಚ್ಚು ಹಿಡಿಸಿದ್ದು. ಮುಟ್ಟಿಗೆ ಮುಂಚೆ ಬಂದು ಮುಟ್ಟಾದೊಡನೆ ಹೋಗುವ, ಮುಟ್ಟಿಸಿಕೊಳ್ಳಲಾಗದ ಉಬ್ಬರದ ನೋವು ‘ತುಂಬಿ ನಿಂತದ್ದು’. ಅಲ್ಲಿ ದಾರಿ ಬಿಡಿಸಬೇಕು. ಮುಟ್ಟಿನ ಕಡೆಗೋ ಆಮೇಲೆಯೋ ಬರುವ ಮಂದ ನೋವು, ಜೊತೆಗೆ ಕಣ್ಣು ಒಣಗುವುದು, ಅಂಗಾಲು ಉರಿಯುವುದು, ಸೊಂಟ ಸೋಲುವುದು ಇದ್ದರೆ ಅದು ‘ಬರಿದಾದದ್ದು’, ಅಲ್ಲಿ ತುಂಬಬೇಕು. ಸರಿದಾಡುವ ಉಬ್ಬರ ಚಿಯದು, ಒಂದೇ ಕಡೆ ನಿಂತು ಸೂಜಿಯಂತೆ ಚುಚ್ಚುವುದು ಹೆಪ್ಪುಗಟ್ಟಿದ ರಕ್ತದ್ದು. ಕೈಗೆ ಗಂಟುಗಂಟಾಗಿ ಸಿಗುವುದು, ಮೈ ಭಾರ, ಮುಖ ಊದಿಕೊಳ್ಳುವುದು ಇದ್ದರೆ ಚಿಯ ಜೊತೆಗೆ ಕಫವೂ ಸೇರಿದೆ. ಸಿಟ್ಟು, ಬಾಯಿ ಕಹಿ, ಕಣ್ಣು ಕೆಂಪು ಇದ್ದರೆ ನಿಂತ ಚಿ ಬಿಸಿಯಾಗಿ ಕುದಿಯುತ್ತಿದೆ. ನಮ್ಮ ಏಪ್ರಿಲ್ ಮೇ ತಿಂಗಳಿನ ಕಲಬುರಗಿಯಲ್ಲಿ, ಪಾರ 42 ಡಿಗ್ರಿ ದಾಟಿದಾಗ, ಈ ಕಡೆಯ ಲಕ್ಷಣ ಯಾರಲ್ಲಿ ಇರುವುದಿಲ್ಲವೋ ನಾನರಿಯೆ.

ಈ ಓದಿನಲ್ಲಿ ನನ್ನನ್ನು ಅತಿಹೆಚ್ಚು ತಡೆದು ನಿಲ್ಲಿಸಿದವನು ಜು ದಾನ್‌ಶಿ ಎಂಬ ವೈದ್ಯ. ಮೊಲೆತೊಟ್ಟು ಯಕೃತ್ತಿನ ದಾರಿಗೆ, ಸ್ತನ ಜಠರದ ದಾರಿಗೆ ಸೇರಿದ್ದು ಎಂದು ಹಂಚಿಕೊಟ್ಟವನು ಇವನೇ. ಅವನು ಇದನ್ನು ಬರೆದದ್ದು 1347ರಲ್ಲಿ. ಹಸನ್ ಬಹಮನ್ ಷಾ ಪಟ್ಟವೇರಿ ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಕಾಲವೂ ಅದೇ. ಗಂಡನ ಪ್ರೀತಿ ಸಿಗದ, ಅತ್ತೆಮಾವಂದಿರ ಮನಸ್ಸಿಗೆ ಬಾರದ ಹೆಂಗಸಿನಲ್ಲಿ ಚಿಂತೆಯೂ ಸಿಟ್ಟೂ ಹಗಲಿರುಳು ಕೂಡಿಕೊಳ್ಳುತ್ತಾ ಹೋಗಿ ಎದೆಯಲ್ಲಿ ಗಂಟಾಗುತ್ತದೆ ಎಂದು ಅವನು ಬರೆಯುತ್ತಾನೆ. ಆ ಗಂಟು ಪಗಡೆಯಂಥ ಅವರ ಆಟದ ಕಾಯಿಯಷ್ಟಿದ್ದು, ನೋಯುವುದೂ ಇಲ್ಲ, ತುರಿಸುವುದೂ ಇಲ್ಲ. ಹತ್ತಾರು ವರ್ಷಗಳಾದ ಮೇಲೆ ಹುಣ್ಣಾಗಿ ಒಡೆಯುತ್ತದೆ, ಅದಕ್ಕೆ ಹೆಸರು ‘ಸ್ತನದ ಬಂಡೆ’. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಅವನು ವರ್ಣಿಸುತ್ತಿರುವುದು ಕ್ಯಾನ್ಸರನ್ನು. ನೋಯುವ ಎದೆಗಿಂತ ನೋಯದ ಗಂಟಿಗೆ ಹೆಚ್ಚು ಹೆದರಬೇಕೆಂಬುದು ಆರೂಮುಕ್ಕಾಲು ಶತಮಾನದ ಹಿಂದೆಯೇ ಒಬ್ಬನಿಗೆ ಗೊತ್ತಿತ್ತು.

ಆದರೆ ಅವನು ಹೇಳಿದ ಕಾರಣವನ್ನು ನಾನು ಒಪ್ಪುವುದಿಲ್ಲ. ಸಿಟ್ಟು ನುಂಗಿದ್ದರಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಇಂದಿನ ವಿಜ್ಞಾನದಲ್ಲಿ ಆಧಾರವಿಲ್ಲ, ಮತ್ತು ಕಾಯಿಲೆ ಬಿದ್ದವಳ ಮುಂದೆ ಹಾಗೆ ಹೇಳುವುದು ಗಾಯದ ಮೇಲೆ ಖಾರ ಹಾಕಿದಂತೆ. ಅವನಿಗೆ ಕಂಡದ್ದರಲ್ಲಿ ಇನ್ನೊಂದು ಸತ್ಯವಿದೆ. ಮನೆಯ ಭಾರ ಹೆಂಗಸಿನ ಎದೆಯ ಮೇಲೆಯೇ ಬಂದು ಕೂರುತ್ತದೆಂಬುದನ್ನು, ಗಂಡ, ಅತ್ತೆ, ಮಾವ ಎಂದು ಬೆರಳಿಟ್ಟು ತೋರಿಸಿ, ವೈದ್ಯನೊಬ್ಬ ತನ್ನ ಗ್ರಂಥದಲ್ಲಿ ದಾಖಲಿಸಿದನಲ್ಲ, ಅದು ಸಣ್ಣ ಮಾತಲ್ಲ. ದಾಖಲಿಸಿದ ಮೇಲೆ ಅವರೆಲ್ಲ ಕೊಟ್ಟ ಔಷಧ ಮಾತ್ರ ಹೆಂಗಸಿಗೇ. ಅತ್ತೆಗಾಗಲಿ ಗಂಡನಿಗಾಗಲಿ ಒಂದು ಕಷಾಯವನ್ನೂ ಯಾರೂ ಬರೆದುಕೊಟ್ಟಂತಿಲ್ಲ.

ಆ ಔಷಧಗಳಲ್ಲಿ ಹೆಸರಾದದ್ದು ಶ್ಯಾವ್ ಯಾವ್ ಸಾನ್ ಎಂಬ ಪುಡಿ. ಸೋಂಗ್ ಅರಸರ ಕಾಲದಲ್ಲಿ ಸರ್ಕಾರಿ ಔಷಧಾಲಯಕ್ಕಾಗಿ ಸಂಗ್ರಹಿಸಿದ ಯೋಗಗಳಲ್ಲಿ ಇದೂ ಒಂದು. ಅಂದರೆ ಸರಿಸುಮಾರು ನಮ್ಮ ಬಸವಕಲ್ಯಾಣದಲ್ಲಿ ಶರಣರು ಸೇರಿದ ಶತಮಾನಕ್ಕೆ ಹತ್ತಿರದ್ದು. ಚಾಯ್‌ಹೂ ಎಂಬ ಬೇರು ನಿಂತ ಚಿಯನ್ನು ಬಿಡಿಸಲು. ದಾಂಗ್‌ಗ್ವೇ ಮತ್ತು ಬಿಳಿ ಪಿಯೊನಿ ಹೂವಿನ ಬೇರು ರಕ್ತವನ್ನು ತುಂಬಿ ಯಕೃತ್ತನ್ನು ಮೆತ್ತಗಾಗಿಸಲು. ಬಾಯ್‌ಜೂ ಬೇರು, ಫೂಲಿಂಗ್ ಎಂಬ ಅಣಬೆ ಮತ್ತು ಹುರಿದ ಜ್ಯೇಷ್ಠಮಧು ಜೀರ್ಣಶಕ್ತಿಯನ್ನು ಕಾಯಲು. ಕುದಿಸುವಾಗ ಸುಟ್ಟ ಹಸಿಶುಂಠಿಯ ಒಂದು ಚೂರು, ಒಂದಿಷ್ಟು ಪುದೀನದ ಜಾತಿಯ ಎಲೆ. ಬಿಸಿಯ ಲಕ್ಷಣವಿದ್ದರೆ ಇನ್ನೆರಡನ್ನು ಸೇರಿಸುತ್ತಾರೆ. ಬಿಡಿಸುವ ಔಷಧ ಒಂದೇ ಒಂದು, ಅದರ ಹಿಂದೆ ತುಂಬುವವು ಮತ್ತು ಕಾಯುವವು ಐದು ಎಂಬ ಈ ಜೋಡಣೆ ನೋಡಲು ಚೆಂದವಾಗಿದೆ. ಗಂಟು ಬಿಚ್ಚುವವನಿಗೆ ಅವಸರವಿರಬಾರದು ಎಂಬಂತೆ.

ಶ್ಯಾವ್ ಯಾವ್ ಎಂದರೆ ಯಾರ ಹಂಗೂ ಇಲ್ಲದೆ ಮನಬಂದಂತೆ ಸುತ್ತಾಡುವುದು. ಒಳಮನೆಯ ಹೊಸ್ತಿಲು ದಾಟದ ಹೆಂಗಸರಿಗೆ, ಪಾದ ಕಟ್ಟಿಸಿಕೊಂಡು ನಡೆಯಲೂ ಆಗದ ಹೆಂಗಸರಿಗೆ, ‘ಸುತ್ತಾಟದ ಪುಡಿ’ಯನ್ನು ಬಿಸಿನೀರಿನಲ್ಲಿ ಕುಡಿಸಿದ ಶತಮಾನಗಳನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅರಮನೆಯನ್ನು ಬಿಟ್ಟು ನಡೆದೇ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿ ಆ ಪುಡಿಯ ಹೆಸರನ್ನು ಕೇಳಿದ್ದರೆ ಏನೆನ್ನುತ್ತಿದ್ದಳೋ.

ಇದೇ ವರ್ಗದ ಇನ್ನೊಂದು ಔಷಧವನ್ನು ನೋಡಿ ನನಗೆ ನಿಜವಾಗಿ ಬೆರಗಾಯಿತು. ಮಿಂಗ್ ಕಾಲದ ಲೀ ಶಿಜೆನ್, 1596ರಲ್ಲಿ ಅಚ್ಚಾದ ತನ್ನ ಮಹಾ ಔಷಧಕೋಶದಲ್ಲಿ, ಶ್ಯಾಂಗ್‌ಫೂ ಎಂಬ ಗಡ್ಡೆಯನ್ನು ಚಿಯ ಕಾಯಿಲೆಗಳ ಮೇಲ್ವಿಚಾರಕನೆಂದೂ ಹೆಂಗಸರ ಕಾಯಿಲೆಗಳ ಸೇನಾಪತಿಯೆಂದೂ ಹೊಗಳಿದ್ದಾನೆ. ಮುಟ್ಟಿನ ಮುಂಚಿನ ಎದೆಯ ಉಬ್ಬರಕ್ಕೆ ಕೊಡುವ ಕಷಾಯಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಅದರ ಸಸ್ಯಶಾಸ್ತ್ರದ ಹೆಸರು ಸೈಪರಸ್ ರೋಟಂಡಸ್. ನಮ್ಮ ಹೊಲದ ಜೇಕು! ಆಯುರ್ವೇದದವರು ಮುಸ್ತಾ, ಭದ್ರಮುಷ್ಟಿ ಎಂದು ಮರ್ಯಾದೆ ಕೊಟ್ಟರೂ, ತೊಗರಿ ಜೋಳದ ಸಾಲಿನಲ್ಲಿ ಬೆನ್ನು ಬಾಗಿಸಿ ಕಳೆ ತೆಗೆಯುವ ಹೆಂಗಸರ ಬಾಯಲ್ಲಿ ಅದಕ್ಕೆ ಬೈಗುಳವೇ ಹೆಸರು. ಮೇಲೆ ಕಿತ್ತರೆ ಕೆಳಗೆ ಗಡ್ಡೆ ಉಳಿದು ನಾಲ್ಕೇ ದಿನಕ್ಕೆ ತಲೆಯೆತ್ತುವ ಇದನ್ನು ಜಗತ್ತಿನ ಅತಿ ಕೆಟ್ಟ ಕಳೆಗಳ ಸಾಲಿಗೆ ಕೃಷಿ ವಿಜ್ಞಾನಿಗಳೂ ಸೇರಿಸಿದ್ದಾರೆ. ಆ ಸೇನಾಪತಿಯನ್ನು ಕೀಳಲು ಬಗ್ಗಿ ಬಗ್ಗಿಯೇ ನಮ್ಮ ಅವ್ವನ ಬೆನ್ನು ಹೋದದ್ದು.

ಇಷ್ಟೆಲ್ಲ ಬರೆದ ಮೇಲೆ ಓದುವವರು ಔಷಧ ಎಲ್ಲಿ ಸಿಗುತ್ತದೆಂದು ಕೇಳಬಹುದೆಂಬ ಅಂಜಿಕೆಯಿದೆ, ಅದಕ್ಕೆ ಕಡ್ಡಿ ಮುರಿದಂತೆ ಹೇಳುತ್ತೇನೆ: ಆನ್‌ಲೈನಿನಲ್ಲಿ ಹುಡುಕಿ ತರಿಸಿ ಕುಡಿಯಬೇಡಿ. ನಾನೂ ಕುಡಿದಿಲ್ಲ. ಈ ಪುಡಿಗಳ ಮೇಲೆ ಚೀನಾದಲ್ಲಿ ಪರೀಕ್ಷೆಗಳು ನಡೆದಿವೆ, ಒಳ್ಳೆಯ ಫಲ ಬಂತೆಂದು ಹೇಳುವವೂ ಇವೆ, ಆದರೆ ಬಹಳಷ್ಟು ಸಣ್ಣವು, ಕಟ್ಟುನಿಟ್ಟು ಕಡಿಮೆಯಿರುವವು. ತಾನಾಗಿಯೇ ಬಂದು ತಾನಾಗಿಯೇ ಹೋಗುವ ನೋವಿನಲ್ಲಿ ಯಾವ ಔಷಧಕ್ಕೂ ಸುಲಭವಾಗಿ ಹೆಸರು ಬರುತ್ತದೆ. ಮೂಲಿಕೆ ಎಂದರೆ ಅಪಾಯವಿಲ್ಲ ಎಂಬ ನಂಬಿಕೆಯಂತೂ ತಪ್ಪು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಒಂದು ಚೀನೀ ಬೇರಿನ ಬದಲು ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ಬೇರು ಸೇರಿಹೋಗಿ, ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ಎಷ್ಟೋ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ದಾಂಗ್‌ಗ್ವೇ ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆಯೊಂದಿಗೆ ಕೂಡಿಬರುವುದಿಲ್ಲ. ಸೂಜಿಯ ವಿಷಯದಲ್ಲೂ ಅಷ್ಟೇ. ಎದೆಯ ಮೇಲೆ ಪಳಗದ ಕೈ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬಿದ್ದೀತು. ಜಠರದ ದಾರಿಯ ಹದಿನೇಳನೆಯ ಬಿಂದು ಸರಿಯಾಗಿ ಮೊಲೆತೊಟ್ಟಿನ ಮೇಲೆ ಬರುತ್ತದೆ; ಅಲ್ಲಿ ಚುಚ್ಚುವುದೇ ಇಲ್ಲ, ಅಳತೆಯ ಗುರುತಾಗಿ ಮಾತ್ರ ಅದು ಇರುವುದು ಎಂದು ಅವರ ಶಾಸ್ತ್ರವೇ ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟಿನ ಲೆಕ್ಕಕ್ಕೆ ಹೊಂದದ ನೋವು, ಒಂದೇ ಕಡೆ ಒಂದೇ ಜಾಗದಲ್ಲಿ ಮುಟ್ಟಾದ ಮೇಲೂ ಉಳಿಯುವ ನೋವು, ಹೊಸದಾಗಿ ಕೈಗೆ ಸಿಕ್ಕ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ರಕ್ತ ಬೆರೆತ ಸ್ರಾವ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಕಂಕುಳಿನ ಗಡ್ಡೆ ಇವುಗಳಲ್ಲಿ ಯಾವುದು ಕಂಡರೂ ಯಕೃತ್ತು ಮರ ಎಂದು ಕೂರದೆ ಆಸ್ಪತ್ರೆಗೆ ಹೋಗಬೇಕು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಲು ಯಾರಾದರೂ ಜೊತೆಗೆ ಬರಲಿ ಎಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ.

ನಾನು ಈಗ ಮಾಡುವುದು ಬಹಳ ಸಾದಾ ಸಂಗತಿಗಳನ್ನು. ಅಳತೆ ಸರಿಯಿರುವ, ಆಧಾರ ಕೊಡುವ ಬ್ರಾ ತೊಡುತ್ತೇನೆ. ಇಷ್ಟು ವರ್ಷ ತಪ್ಪು ಅಳತೆಯದನ್ನೇ ತೊಟ್ಟಿದ್ದೆನೆಂದು ಗೊತ್ತಾದದ್ದೂ ಈ ನೋವಿನಿಂದಲೇ. ಮೂರು ಗೀಟಿನ ದಿನ ವೈದ್ಯರು ಹೇಳಿದ ಡೈಕ್ಲೋಫಿನಾಕ್ ಜೆಲ್ ಹಚ್ಚುತ್ತೇನೆ. ಸಂಜೆ ಅಪ್ಪನ ಕೆರೆಯ ದಂಡೆಯ ಮೇಲೆ ಎರಡು ಸುತ್ತು ನಡೆಯುತ್ತೇನೆ, ಪುಡಿಯಿಲ್ಲದ ಸುತ್ತಾಟ. ರಾತ್ರಿ ಪಾದದ ಮೇಲೆ ಹೆಬ್ಬೆರಳಿನ ಮತ್ತು ಎರಡನೆಯ ಬೆರಳಿನ ಎಲುಬುಗಳು ಕೂಡುವ ಕುಳಿಯನ್ನು, ಯಕೃತ್ತಿನ ದಾರಿಯ ಮೂರನೆಯ ಬಿಂದುವನ್ನು, ಹೆಬ್ಬೆರಳಿನಿಂದ ಒಂದೆರಡು ನಿಮಿಷ ಒತ್ತಿಕೊಳ್ಳುತ್ತೇನೆ. ಒತ್ತಿದರೆ ಅಲ್ಲಿ ಚುರ್ರೆನ್ನುತ್ತದೆ, ಬಿಟ್ಟ ಮೇಲೆ ಹಾಯೆನಿಸುತ್ತದೆ. ಎದೆ ಹಗುರಾಗುವುದು ಅದರಿಂದಲೋ, ಆ ಎರಡು ನಿಮಿಷ ಯಾರೂ ನನ್ನನ್ನು ಏನನ್ನೂ ಕೇಳದೆ ಬಿಡುವುದರಿಂದಲೋ ಬೇರ್ಪಡಿಸಿ ಹೇಳಲಾರೆ. ಬಸುರಿಯರು ಇಂಥ ಬಿಂದುಗಳನ್ನು ತಿಳಿದವರನ್ನು ಕೇಳದೆ ಒತ್ತಬಾರದು. ಗೀಟುಗಳು ನಿಂತಿಲ್ಲ. ಮೂರು ಗೀಟಿನ ದಿನಗಳು ಕಡಿಮೆಯಾಗಿವೆ, ಆದರೆ ವಯಸ್ಸೂ ನಲವತ್ತೆರಡಾಗಿದೆ.

ಎಳ್ಳಮಾವಾಸ್ಯೆಗೆ ಊರಿಗೆ ಹೋದಾಗ, ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿ ಊಟ ಮುಗಿದ ಮೇಲೆ ಬೇವಿನ ನೆರಳಿನಲ್ಲಿ ಕೂತು, ಹೈದರಾಬಾದಿನ ಆ ಪ್ರಶ್ನೆಗಳನ್ನು ಅವ್ವನಿಗೆ ಕೇಳಿದೆ. ಕುಬಸ ಬಿಗಿಯಾಗೋದು ಯಾವಾಗ ಜಾಸ್ತಿ ಇತ್ತು, ಯಾವಾಗ ಕಡಿಮೆಯಾಯಿತು? ಮುಟ್ಟು ನಿಂತು ಇಪ್ಪತ್ತು ವರ್ಷವಾದ ಅವ್ವ, ಇದೆಲ್ಲಾ ಈಗ ಯಾಕೆ ಎಂಬಂತೆ ನೋಡಿದಳು. ಆಮೇಲೆ ಕಡ್ಡಿಯಿಂದ ನೆಲ ಕೆದರುತ್ತಾ ಹೇಳಿದಳು: ‘ನಿಮ್ಮ ದೊಡ್ಡಮನಿಯೊಳಗ ಇದ್ದಾಗ ಭಾಳ ಇತ್ತು ನೋಡವ್ವ. ಹದಿನೆಂಟು ಮಂದಿದು ರೊಟ್ಟಿ ಬಡೀಬೇಕಾದ್ರ ಎದಿ ಅಲುಗ್ಯಾಡಿ ಕಣ್ಣಾಗ ನೀರು ಬರ್ತಿತ್ತು. ಬ್ಯಾರೆ ಆದ್ಮ್ಯಾಲ ಅಷ್ಟು ಇದ್ದಿಲ್ಲ.’ ರೊಟ್ಟಿಯ ಸಂಖ್ಯೆ ಕಡಿಮೆಯಾಗಿ ನೋವು ಇಳಿಯಿತೋ, ಅತ್ತೆಯ ಮಾತು ಕಿವಿಗೆ ಬೀಳದೆ ಇಳಿಯಿತೋ ಎಂದು ಕೇಳಿದ್ದಕ್ಕೆ, ‘ಎರಡೂ ಒಂದೇ ಮನಿಯಾಗ ಇದ್ವಲ್ಲ’ ಎಂದು ನಕ್ಕಳು.

ನಾನು ಕೈಗೆ ಸಿಕ್ಕ ಒಂದು ಜೇಕನ್ನು ಗಡ್ಡೆಸಮೇತ ಎಳೆದು, ಮಣ್ಣೊರೆಸಿ, ಉಗುರಿನಿಂದ ಸೀಳಿ ಅವಳ ಮೂಗಿಗೆ ಹಿಡಿದೆ. ಕರ್ಪೂರದ ಹತ್ತಿರದ, ಸ್ವಲ್ಪ ಕಹಿಯಾದ ಘಮ. ಚೀನಾದವರು ಇದನ್ನು ಹೆಂಗಸರ ಎದೆನೋವಿಗೆ ಕೊಡುತ್ತಾರೆ, ಹೆಂಗಸರ ಔಷಧಗಳಿಗೆಲ್ಲ ಇದು ಸೇನಾಪತಿಯಂತೆ ಎಂದೆ. ಅವ್ವ ಗಡ್ಡೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು, ಎದುರಿನ ತೊಗರಿ ಸಾಲಿನುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು.

‘ಕಿಲೋಕ್ಕ ಎಷ್ಟು ಕೊಡ್ತಾರಂತ ಕೇಳು.’